ಎರಡನೆಯ ಸಲ ನೋಡಿದಾಗ ಕಂಡದ್ದು

ಮದುವೆಮನೆಗೆ ವಿಸಿಆರ್ ಬಾಡಿಗೆಗೆ ತರುತ್ತಿದ್ದ ಕಾಲ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಅಂಗಳದಲ್ಲಿ ಚಾಪೆ, ಮೇಜಿನ ಮೇಲೆ ಟಿವಿ, ಬೆಳಗಾಗುವವರೆಗೆ ಮೂರು ಕ್ಯಾಸೆಟ್. ಅದರಲ್ಲಿ ಇಂಗ್ಲಿಷ್ ಚಿತ್ರವೇನಾದರೂ ಬಂದರೆ ಅದು ಹೊಡೆದಾಟದ್ದೇ ಆಗಿರುತ್ತಿತ್ತು. ಇಂಗ್ಲಿಷಿನಲ್ಲಿಯೂ ಮನೆಮಂದಿ ಕೂಡಿ ನಗುವಂಥ ಚಿತ್ರಗಳಿವೆ ಎಂದು ನಮಗೆ ತಿಳಿದದ್ದು 1990ರ ದಶಕದ ಕೊನೆಯಲ್ಲಿ. ಆಗ ಕಾರ್ಟೂನ್ ನೆಟ್‌ವರ್ಕ್ ರಾತ್ರಿ ಮುಗಿಯುತ್ತಲೇ ಅದೇ ಜಾಗದಲ್ಲಿ ಟಿಎನ್‌ಟಿ ವಾಹಿನಿ ಹಳೆಯ ಹಾಲಿವುಡ್ ಚಿತ್ರಗಳನ್ನು ತೋರಿಸುತ್ತಿತ್ತು. ಅರ್ಧ ಮಾತು ತಿಳಿಯುತ್ತಿರಲಿಲ್ಲ. ಆದರೂ ಮುಖಗಳನ್ನು ನೋಡಿಕೊಂಡೇ ನಗುತ್ತಿದ್ದೆವು.

ಕಳೆದ ಮಳೆಗಾಲದ ಸಂಜೆಗಳಲ್ಲಿ ಅಂಥ ಮೂರು ಚಿತ್ರಗಳನ್ನು ಗುರುನಿವಾಸದಲ್ಲಿ ಡಿವಿಡಿ ಹಾಕಿ ಮತ್ತೆ ನೋಡಿದೆವು. ನಮ್ಮೊಡನೆ ವಿಶ್ರಾಂತ ಜೀವನದಲ್ಲಿರುವ ಹಿರಿಯ ಗುರುಗಳೊಬ್ಬರೂ ಇದ್ದರು. ಒಂದು ದೃಶ್ಯ ಮುಗಿದಾಗ ಅವರು, "ಸ್ವಲ್ಪ ಹಿಂದಕ್ಕೆ ಹಾಕಿ, ಆ ತಾಯಿ ಏನು ಹೇಳಿದಳು?" ಎಂದು ಕೇಳಿದರು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ನಿಯಮದೊಳಗಿನ ನಗೆ

1930 ಮತ್ತು 1940ರ ದಶಕಗಳ ಹಾಲಿವುಡ್ ಪ್ರೇಮಹಾಸ್ಯ ಚಿತ್ರಗಳಲ್ಲಿ ಎಲ್ಲರಿಗೂ ಗೊತ್ತಿರುವುದು 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್'. ರಾಜ್ ಕಪೂರ್ ಮತ್ತು ನರ್ಗಿಸ್ ನಟಿಸಿದ 1956ರ 'ಚೋರಿ ಚೋರಿ' ನೋಡಿದವರಿಗೆ ಅದರ ಕಥೆ ಹೊಸದಲ್ಲ. ಆದರೆ ಆ ದೊಡ್ಡ ಮರದ ನೆರಳಿನಲ್ಲಿ ಮರೆಯಾಗಿ ಉಳಿದ ಒಳ್ಳೆಯ ಚಿತ್ರಗಳು ಹಲವು ಇವೆ.

ಈ ಚಿತ್ರಗಳ ಹಿಂದೆ ಧರ್ಮಸಭೆಯ ನೆರಳೂ ಇದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಹಾಲಿವುಡ್ ಪಾಲಿಸಬೇಕಾದ ನೀತಿಸಂಹಿತೆಯನ್ನು 1930ರಲ್ಲಿ ಬರೆದವರು ಯೇಸುಸಭೆಯ ಗುರು ಡೇನಿಯಲ್ ಲಾರ್ಡ್ ಮತ್ತು ಕಥೋಲಿಕ ಪತ್ರಿಕಾ ಪ್ರಕಾಶಕ ಮಾರ್ಟಿನ್ ಕ್ವಿಗ್ಲಿ. 1934ರಲ್ಲಿ ಅಮೆರಿಕದ ಕಥೋಲಿಕರು 'ಲೀಜನ್ ಆಫ್ ಡೀಸೆನ್ಸಿ' ಎಂಬ ಚಳವಳಿ ಆರಂಭಿಸಿದ ಮೇಲೆ ಅದು ಕಟ್ಟುನಿಟ್ಟಾಗಿ ಜಾರಿಗೆ ಬಂತು. 1968ರಲ್ಲಿ ವಯಸ್ಸಿಗೆ ತಕ್ಕ ದರ್ಜೆ ಕೊಡುವ ಪದ್ಧತಿ ಬಂದು ಅದು ಕೊನೆಗೊಂಡಿತು. ಎಲ್ಲವೂ ಹೊಗಳುವಂತೆ ನಡೆಯಿತೆಂದು ನಾವು ಹೇಳುವುದಿಲ್ಲ. 1941ರಲ್ಲಿ ಗ್ರೇಟಾ ಗಾರ್ಬೊ ನಟಿಸಿದ 'ಟೂ ಫೇಸ್ಡ್ ವುಮನ್' ಎಂಬ ನಗೆಚಿತ್ರವನ್ನೂ ಆ ಚಳವಳಿ ಖಂಡಿಸಿತ್ತು. ಅದೇ ಆಕೆಯ ಕೊನೆಯ ಚಿತ್ರವಾಯಿತು. ಆದರೆ ನೇರವಾಗಿ ತೋರಿಸಲಾಗದ್ದನ್ನು ಮಾತಿನಲ್ಲಿ, ಮೌನದಲ್ಲಿ, ಮುಚ್ಚಿದ ಬಾಗಿಲಿನಲ್ಲಿ ಹೇಳುವ ಜಾಣ್ಮೆಯನ್ನು ಬರಹಗಾರರು ಕಲಿತದ್ದು ಈ ನಿಯಮಗಳ ನಡುವೆಯೇ.

ಯಾರೂ ನಂಬದ ಹುಡುಗಿ

ಮೊದಲ ಚಿತ್ರ 1939ರ 'ಬ್ಯಾಚುಲರ್ ಮದರ್'. ನಿರ್ದೇಶಕ ಗಾರ್ಸನ್ ಕ್ಯಾನಿನ್. ಜಿಂಜರ್ ರಾಜರ್ಸ್ ನಟಿಸಿರುವ ಪಾಲಿ ದೊಡ್ಡ ಅಂಗಡಿಯೊಂದರಲ್ಲಿ ಕ್ರಿಸ್ಮಸ್ ಕಾಲಕ್ಕೆ ಮಾತ್ರ ನೇಮಕವಾದ ಹುಡುಗಿ. ಕೆಲಸ ಮುಗಿಯಿತೆಂಬ ಚೀಟಿ ಕೈಗೆ ಬಂದ ದಿನವೇ, ಅನಾಥಾಲಯದ ಮೆಟ್ಟಿಲ ಮೇಲೆ ಯಾರೋ ಒಂದು ಮಗುವನ್ನು ಬಿಟ್ಟುಹೋಗುವುದನ್ನು ಆಕೆ ನೋಡುತ್ತಾಳೆ. ಉರುಳಿ ಬಿದ್ದೀತೆಂದು ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಅಲ್ಲಿಂದ ಮುಂದೆ ಮಗು ಅವಳದೇ ಎಂದು ಎಲ್ಲರ ತೀರ್ಮಾನ. ಆಕೆ ಎಷ್ಟು ಸಲ ನಿಜ ಹೇಳಿದರೂ ಯಾರೂ ಕೇಳುವುದಿಲ್ಲ. ಅಂಗಡಿಯ ಮಾಲೀಕನ ಮಗ ಡೇವಿಡ್ (ನಟ ಡೇವಿಡ್ ನಿವೆನ್) ಉಪಕಾರ ಮಾಡುತ್ತೇನೆಂದುಕೊಂಡು ಅವಳಿಗೆ ಕೆಲಸ ಮರಳಿ ಕೊಡಿಸಿ, ಮಗುವನ್ನೂ ಅವಳ ಕೈಗೇ ಹಾಕುತ್ತಾನೆ. ಶಿಶುಪಾಲನೆಯ ಪುಸ್ತಕದ ಎರಡು ಹಾಳೆ ಅಂಟಿಕೊಂಡಿದ್ದನ್ನು ಗಮನಿಸದೆ ಅವನು ಕೊಡುವ ಉಪದೇಶಕ್ಕೆ ನಗದವರಿಲ್ಲ.

ಮೊದಲ ಸಲ ನೋಡಿದಾಗ ನಾವೂ ಬರೀ ನಕ್ಕೆವು. ಎರಡನೆಯ ಸಲ ನಗು ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಿತು. ಒಬ್ಬ ಹುಡುಗಿಯ ಮಾತಿಗಿಂತ ಊರಿನ ಊಹೆಗೆ ತೂಕ ಹೆಚ್ಚು. ಇದು ನ್ಯೂಯಾರ್ಕಿನ ಸಂಗತಿ ಮಾತ್ರವೇ? ಚಿತ್ರದ ಕೊನೆಯಲ್ಲಿ ಡೇವಿಡ್ ಅವಳನ್ನು ವರಿಸಲು ಮುಂದಾಗುವಾಗಲೂ ಮಗು ಅವಳದೇ ಎಂದು ನಂಬಿರುತ್ತಾನೆ. ನಿಜ ಬಯಲಾದ ಮೇಲೆ ಒಪ್ಪಿಕೊಂಡದ್ದಲ್ಲ, ಅದಕ್ಕೂ ಮೊದಲೇ ಒಪ್ಪಿಕೊಂಡದ್ದು. ನಗೆಚಿತ್ರ ಇಷ್ಟು ದೊಡ್ಡ ಮಾತನ್ನು ನಗುತ್ತಲೇ ಹೇಳಿ ಮುಗಿಸುತ್ತದೆ.

ಒಂದು ಮನೆ, ಮೂವರು ಬಾಡಿಗೆದಾರರು

ಎರಡನೆಯದು ಜಾರ್ಜ್ ಸ್ಟೀವನ್ಸ್ ನಿರ್ದೇಶಿಸಿದ 1943ರ 'ದ ಮೋರ್ ದ ಮೆರಿಯರ್'. ಯುದ್ಧಕಾಲದ ವಾಷಿಂಗ್ಟನ್‌ನಲ್ಲಿ ಬಾಡಿಗೆಗೆ ಮನೆಯೇ ಸಿಗುತ್ತಿರಲಿಲ್ಲ. ಕಾನಿ (ಜೀನ್ ಆರ್ಥರ್) ತನ್ನ ಮನೆಯ ಅರ್ಧವನ್ನು ಒಬ್ಬ ವೃದ್ಧನಿಗೆ ಕೊಡುತ್ತಾಳೆ. ಆ ವೃದ್ಧ ತನ್ನ ಅರ್ಧದಲ್ಲಿ ಅರ್ಧವನ್ನು, ಅವಳನ್ನು ಕೇಳದೆಯೇ, ಜೋ (ಜೋಯೆಲ್ ಮೆಕ್ರೀ) ಎಂಬ ಯುವ ಸೈನಿಕನಿಗೆ ಕೊಡುತ್ತಾನೆ. ಬೆಳಗ್ಗೆ ಸ್ನಾನದ ಮನೆಗೆ ಯಾರು ಎಷ್ಟು ನಿಮಿಷಕ್ಕೆ ಹೋಗಬೇಕೆಂದು ಕಾನಿ ಬರೆದಿಡುವ ವೇಳಾಪಟ್ಟಿಯನ್ನು ಕಂಡರೆ, ತುಂಬಿದ ಮನೆಯಲ್ಲಿ ಬೆಳೆದ ಯಾರಿಗೂ ನಗು ಬರುತ್ತದೆ. ವೃದ್ಧನ ಪಾತ್ರಕ್ಕೆ ಚಾರ್ಲ್ಸ್ ಕೋಬರ್ನ್ ಅತ್ಯುತ್ತಮ ಪೋಷಕ ನಟ ಆಸ್ಕರ್ ಪಡೆದರು. 'ಬ್ಯಾಚುಲರ್ ಮದರ್'ನಲ್ಲಿ ಯಾರ ಮಗುವಾದರೇನು, ಅಜ್ಜ ನಾನೇ ಎಂದು ಹಟ ಹಿಡಿಯುವ ಮುದುಕನೂ ಇವರೇ.

ಗಾಳಿಮಾತಿಗೆ ಹೆದರಿ ಕಾನಿ ಮತ್ತು ಜೋ ಮದುವೆಯಾಗುತ್ತಾರೆ, ಮುಂದೆ ಅದನ್ನು ರದ್ದು ಮಾಡಿಸಿದರಾಯಿತು ಎಂಬ ಲೆಕ್ಕದಲ್ಲಿ! ಇದನ್ನು ನೋಡುತ್ತಿದ್ದ ಇಬ್ಬರು ಧರ್ಮಗುರುಗಳಿಗೆ ಕೆಮ್ಮು ಬಂದದ್ದು ಸಹಜವೇ. ಆದರೆ ಆ ಲೆಕ್ಕ ತಪ್ಪುವುದರಲ್ಲಿಯೇ ಚಿತ್ರದ ಸ್ವಾರಸ್ಯವಿದೆ. ನಡುವಿನ ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು ಮಲಗಿ ಮೆಲ್ಲಗೆ ಮಾತಾಡುವ ದೃಶ್ಯದಲ್ಲಿ, ನಾಳೆ ಯುದ್ಧಕ್ಕೆ ಹೊರಡುವವನ ದನಿಯಲ್ಲಿರುವ ಭಯ ಎರಡನೆಯ ಸಲವಷ್ಟೇ ನಮ್ಮ ಕಿವಿಗೆ ಬಿತ್ತು. ಈ ಚಿತ್ರದ ನಂತರ ಸ್ಟೀವನ್ಸ್ ತಾವೇ ಸೈನ್ಯ ಸೇರಿದರು. 1945ರಲ್ಲಿ ಡಾಕಾವ್ ಯಾತನಾಶಿಬಿರದ ದೃಶ್ಯಗಳನ್ನು ಅವರ ತಂಡ ಚಿತ್ರೀಕರಿಸಿತು. ಯುದ್ಧದಿಂದ ಮರಳಿದ ಮೇಲೆ ಅವರು ಹೆಚ್ಚಾಗಿ ಗಂಭೀರ ಚಿತ್ರಗಳತ್ತ ಹೊರಳಿದರು. ಹಾಗಾಗಿ ಈ ನಗುವನ್ನು ನಾವು ಇನ್ನಷ್ಟು ಜೋಪಾನವಾಗಿ ನೋಡಿದೆವು.

ಇಬ್ಬರು ತಾಯಂದಿರು

ಹಿರಿಯ ಗುರುಗಳು ಹಿಂದಕ್ಕೆ ಹಾಕಿಸಿದ್ದು ಮೂರನೆಯ ಚಿತ್ರವನ್ನು: 1940ರ 'ರಿಮೆಂಬರ್ ದ ನೈಟ್'. ಕಥೆ ಬರೆದವರು ಪ್ರೆಸ್ಟನ್ ಸ್ಟರ್ಜಸ್, ನಿರ್ದೇಶಕ ಮಿಚೆಲ್ ಲೈಸೆನ್. ಲೀ (ಬಾರ್ಬರಾ ಸ್ಟಾನ್‌ವಿಕ್) ಕ್ರಿಸ್ಮಸ್ ಸಮಯದಲ್ಲಿ ಒಡವೆ ಅಂಗಡಿಯಿಂದ ಬಳೆ ಕದ್ದು ಸಿಕ್ಕಿಬೀಳುತ್ತಾಳೆ. ಹಬ್ಬದ ಹೊತ್ತಿನಲ್ಲಿ ಪಂಚಾಯ್ತರ ಮನಸ್ಸು ಮೆದುವಾಗಿರುತ್ತದೆಂದು ತಿಳಿದ ಸರ್ಕಾರಿ ವಕೀಲ ಜಾನ್ (ಫ್ರೆಡ್ ಮೆಕ್‌ಮರೆ) ಉಪಾಯದಿಂದ ವಿಚಾರಣೆ ಮುಂದೂಡಿಸುತ್ತಾನೆ. ಆದರೆ ಹಬ್ಬವಿಡೀ ಅವಳು ಸೆರೆಮನೆಯಲ್ಲಿರುವುದು ಅವನ ಮನಸ್ಸಿಗೆ ಕೊರೆಯುತ್ತದೆ. ಜಾಮೀನಿನ ಮೇಲೆ ಬಿಡಿಸುತ್ತಾನೆ. ಇಬ್ಬರೂ ಇಂಡಿಯಾನಾ ರಾಜ್ಯದವರೆಂದು ತಿಳಿದು, ಊರಿಗೆ ಹೋಗುವ ದಾರಿಯಲ್ಲಿ ಅವಳನ್ನು ಅವಳ ತಾಯಿಯ ಮನೆಗೆ ಬಿಡಲು ಕಾರಿನಲ್ಲಿ ಕರೆದೊಯ್ಯುತ್ತಾನೆ.

ರಾತ್ರಿ ಹೊತ್ತು, ಬೆಳಕಿಲ್ಲದ ಮನೆ. ವರ್ಷಗಳ ಮೇಲೆ ಬಂದ ಮಗಳನ್ನು ತಾಯಿ ಒಳಗೆ ಸೇರಿಸುವುದಿಲ್ಲ. ಚಿಕ್ಕಂದಿನಲ್ಲಿ ಲೀ ತಾಯಿಯ ಹಣ ತೆಗೆದಿದ್ದಳು. ಹಿಂದಿರುಗಿಸುತ್ತೇನೆ ಎಂದರೂ ಕೇಳದೆ ತಾಯಿ ಅವಳನ್ನು ಕಳ್ಳಿ ಎಂದಿದ್ದಳು. ಈಗಲೂ ಅದೇ ಮಾತು. ಜಾನ್ ಅವಳನ್ನು ತನ್ನ ಮನೆಗೇ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಅವನ ತಾಯಿ (ಬ್ಯೂಲಾ ಬಾಂಡಿ) ಈ ಅಪರಿಚಿತ ಹುಡುಗಿಗಾಗಿ ಕೂಡ ಮರದಡಿ ಉಡುಗೊರೆ ಇಡುತ್ತಾಳೆ. ಮಾತಿನ ನಡುವೆ ಒಂದು ಸಣ್ಣ ನೆನಪು ಬರುತ್ತದೆ. ಜಾನ್ ಕೂಡ ಹುಡುಗನಾಗಿದ್ದಾಗ, ತಾಯಿ ಮೊಟ್ಟೆ ಮಾರಿ ಕೂಡಿಟ್ಟ ಹಣ ಕದ್ದಿದ್ದ, ಆಮೇಲೆ ದುಡಿದು ತೀರಿಸಿದ್ದ. ನೀವು ತಿಳಿಹೇಳಿದ ಮೇಲೆ ಅಲ್ಲವೇ, ಎಂದು ಲೀ ಕೇಳುತ್ತಾಳೆ. ತಾನಲ್ಲ, ಪ್ರೀತಿಯೇ ಅವನಿಗೆ ತಿಳಿಹೇಳಿತು ಎಂಬರ್ಥದಲ್ಲಿ ತಾಯಿ ಉತ್ತರಿಸುತ್ತಾಳೆ.

ಹಿರಿಯ ಗುರುಗಳು ಮತ್ತೆ ಕೇಳಬೇಕೆಂದದ್ದು ಈ ಮಾತನ್ನು. ಇಬ್ಬರು ಮಕ್ಕಳು, ಒಂದೇ ತಪ್ಪು. ಒಬ್ಬ ವಕೀಲನಾದ, ಇನ್ನೊಬ್ಬಳು ಕಟಕಟೆಯಲ್ಲಿ ನಿಂತಳು. ಬರಹಗಾರ ಇದನ್ನು ಬಿಡಿಸಿ ಹೇಳುವುದಿಲ್ಲ. ಒಂದು ದೃಶ್ಯವನ್ನು ಕತ್ತಲಲ್ಲಿಟ್ಟು, ಇನ್ನೊಂದನ್ನು ಬೆಳಕಿನಲ್ಲಿಟ್ಟು ಸುಮ್ಮನಾಗುತ್ತಾನೆ. ಮೊದಲ ಸಲ ಇದು ನಮ್ಮ ಕಣ್ಣು ತಪ್ಪಿಹೋಗಿತ್ತು.

ಕೊನೆಯಲ್ಲಿ ಜಾನ್ ನ್ಯಾಯಾಲಯದಲ್ಲಿ ಬೇಕೆಂದೇ ಸೋಲಲು ನೋಡುತ್ತಾನೆ. ಅವನ ಬದುಕು ಕೆಡಬಾರದೆಂದು ಲೀ ಎದ್ದು ನಿಂತು ತಪ್ಪೊಪ್ಪಿಕೊಳ್ಳುತ್ತಾಳೆ. ಶಿಕ್ಷೆ ಅನುಭವಿಸಿ ಬಂದ ಮೇಲೂ ಅವನ ಮನಸ್ಸು ಹೀಗೆಯೇ ಇದ್ದರೆ ನೋಡೋಣ ಎನ್ನುತ್ತಾಳೆ. ಗಡಿಬಿಡಿಯ ಸುಖಾಂತ್ಯವಿಲ್ಲ. ಪ್ರೀತಿ ಸಿಕ್ಕಿದ ಮೇಲೆ ಅವಳಿಗೂ ಯಾರೂ ತಿಳಿಹೇಳಬೇಕಾಗಿರಲಿಲ್ಲ.

ಅಂದು ಟಿವಿ ಆರಿಸಿದ ಮೇಲೆ ನಮಗೆ ಒಬ್ಬ ಹುಡುಗನ ನೆನಪಾಯಿತು. ನಾವು ಸಹಾಯಕ ಗುರುವಾಗಿದ್ದ ಮೊದಲ ವರ್ಷಗಳಲ್ಲಿ ಪೀಠಸೇವೆ ಮಾಡುತ್ತಿದ್ದ ಅವನು ಮೇಣದಬತ್ತಿಯ ಪೆಟ್ಟಿಗೆಯಿಂದ ಸ್ವಲ್ಪ ಹಣ ತೆಗೆದಿದ್ದ. ಅವನ ತಂದೆಯನ್ನು ಕರೆಸಿ, ಉಳಿದ ಹುಡುಗರ ಎದುರಿಗೇ ವಿಚಾರಿಸಿದೆವು. ಹಣ ಮರಳಿ ಬಂತು. ಹುಡುಗ ಮತ್ತೆ ಪೀಠದ ಬಳಿ ಬರಲಿಲ್ಲ. ನಾವು ಮಾಡಿದ್ದು ನ್ಯಾಯವೆಂದೇ ಬಹಳ ಕಾಲ ತಿಳಿದಿದ್ದೆವು. ಎಂಬತ್ತು ವರ್ಷಕ್ಕೂ ಹಳೆಯ ನಗೆಚಿತ್ರವೊಂದು ಆ ರಾತ್ರಿ ನಮ್ಮನ್ನು ಕತ್ತಲೆಮನೆಯ ಬಾಗಿಲಲ್ಲಿ ನಿಲ್ಲಿಸಿತು.

ನೋಡುವವರಿಗೆ ಎರಡು ಮಾತು

ಚಿತ್ರಮಂದಿರದಲ್ಲಿ ಒಮ್ಮೆ ನೋಡಿ ಮರೆಯಲೆಂದು ಮಾಡಿದ ಚಿತ್ರಗಳಿವು. 1970ರ ದಶಕದಲ್ಲಿ ಕ್ಯಾಸೆಟ್, 1990ರ ದಶಕದಲ್ಲಿ ಡಿವಿಡಿ ಬಂದ ಮೇಲೆ ಅವನ್ನು ನಿಲ್ಲಿಸಿ, ಹಿಂದಕ್ಕೆ ಹಾಕಿ, ಮತ್ತೆ ನೋಡುವ ಭಾಗ್ಯ ಮನೆಗಳಿಗೆ ಸಿಕ್ಕಿತು. ಇಂದು ಡಿವಿಡಿ ಕೂಡ ಹಳತಾಗಿದೆ. ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ ಬೆಳೆದ ಅಮೆರಿಕದ ನೆಟ್‌ಫ್ಲಿಕ್ಸ್ 2023ರಲ್ಲಿ ಆ ಸೇವೆಯನ್ನು ನಿಲ್ಲಿಸಿತು. ಆದ್ದರಿಂದ ಮನೆಯ ಮೂಲೆಯಲ್ಲಿ ಪ್ಲೇಯರ್ ಇದ್ದರೆ ಗುಜರಿಗೆ ಹಾಕಬೇಡಿ.

ಇಂಗ್ಲಿಷ್ ಮಾತು ವೇಗವಾಗಿರುತ್ತದೆ; ಅಡಿಬರಹವಿರುವ ಪ್ರತಿಯಾದರೆ ಒಳ್ಳೆಯದು. ಬಿಡಿಸಿ ಹೇಳುವ ಕೆಲಸ ಮಕ್ಕಳಿಗಿರಲಿ. 'ರಿಮೆಂಬರ್ ದ ನೈಟ್'ನಲ್ಲಿ ಕಪ್ಪುಜನಾಂಗದ ಸೇವಕನನ್ನು ಪೆದ್ದನಂತೆ ತೋರಿಸಿ ನಗಿಸುವ ಭಾಗ ಇದೆ. ಅದು ತಪ್ಪೆಂದು ಮಕ್ಕಳಿಗೆ ಹೇಳಿಯೇ ಮುಂದುವರಿಯಿರಿ.

ಮತ್ತೆ, ಒಬ್ಬೊಬ್ಬರೇ ಮೊಬೈಲಿನಲ್ಲಿ ನೋಡಬೇಡಿ. ಅಜ್ಜಿ, ಅಪ್ಪ, ಅಮ್ಮ, ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ನೋಡಿ. ಯಾರಾದರೂ "ಸ್ವಲ್ಪ ಹಿಂದಕ್ಕೆ ಹಾಕು" ಎಂದರೆ ಬೇಸರಪಡದೆ ಹಾಕಿ. ಅವರ ಮನಸ್ಸಿನಲ್ಲಿ ಯಾರ ಮುಖ ಮೂಡಿದೆಯೋ, ಯಾರು ಬಲ್ಲರು?