ಬೇಟೆಯ ಹಕ್ಕಿಯೂ ಅಡಿಗೆಯ ಧರ್ಮವೂ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇಂದು ಕಾಡುಕೋಳಿಯನ್ನು ಕೊಲ್ಲುವುದು ಅಪರಾಧ. ಅದು ಸರಿಯೆಂದೇ ನನ್ನ ಮತ. ಆದರೂ ಮಲೆನಾಡಿನ ಹಿಂದಿನ ಬೇಟೆಗಾರರಲ್ಲಿ ಒಂದು ನಿಯಮವಿದ್ದುದನ್ನು ಹಿರಿಯರಿಂದ ಕೇಳಿ ಬಲ್ಲೆ. ಗಾಯಗೊಂಡ ಹಕ್ಕಿ ಪೊದೆ ಹೊಕ್ಕರೆ, ಅದನ್ನು ಹುಡುಕಿ ನೋವು ಮುಗಿಸುವವರೆಗೆ ಮತ್ತೊಂದಕ್ಕೆ ಕೋವಿ ಎತ್ತಬಾರದು.

ಶೀತದೇಶವಾದ ಇಂಗ್ಲೆಂಡಿನಲ್ಲಿ ಫೆಸೆಂಟ್ ಹಕ್ಕಿಯನ್ನು ಕರುಳು ತೆಗೆಯದೆ ಕೆಲವು ದಿನ ತೂಗುಹಾಕಿ ಮಾಂಸವನ್ನು ಮೆತ್ತಗಾಗಿಸುವರು. ನಮ್ಮ ಸೆಕೆಗೆ ಅದು ಸಲ್ಲದು. ಮೈಬಿಸಿ ಆರುವ ಮೊದಲೇ ಪುಕ್ಕ ಸುಲಭವಾಗಿ ಬರುತ್ತದೆ. ಕರುಳನ್ನೂ ಕೂಡಲೇ ತೆಗೆಯದಿದ್ದರೆ ಮಾಂಸ ಕೆಡುವುದು. ಗಾಯಗಳನ್ನು ಬೆರಳಿನಿಂದ ತಡವಿ ಚರೆಗಳನ್ನು ಹೆಕ್ಕಬೇಕು, ಸೀಸವು ವಿಷ. ಎಳೆಯ ಹಕ್ಕಿ ಸುಡಲು ಯೋಗ್ಯ. ಬಲಿತದ್ದು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಬೇಕು.

ಕೊಂದ ಜೀವವನ್ನು ವ್ಯರ್ಥಗೊಳಿಸುವುದು ಪಾಪವೆಂದು ಅವರು ಬಗೆದಿದ್ದರು. ಸಾಕಿದ ಕೋಳಿಯನ್ನು ತಿನ್ನುವ ನಾವೂ ಅದನ್ನು ನೆನೆಯುವುದು ಒಳಿತು.