ಹೆಸರಿನೊಳಗಿನ ಕುದುರೆ

ಸಾಕ್ರಟೀಸನ ಪತ್ನಿ ಕ್ಸಾಂಥಿಪ್ಪೆಯ ನಾಮಧೇಯವನ್ನು ಬಿಡಿಸಿ ನೋಡಿದರೆ, ‘ಕ್ಸಾಂಥೋಸ್’ ಎಂದರೆ ಹೊಂಬಣ್ಣ, ‘ಹಿಪ್ಪೋಸ್’ ಎಂದರೆ ಕುದುರೆ. ನಮ್ಮ ಪುರಾಣಗಳ ಹರ್ಯಶ್ವನ ಹೆಸರಿಗೂ ಹೆಚ್ಚುಕಡಮೆ ಇದೇ ಅರ್ಥವೆಂಬುದು ಎಂತಹ ಸೊಗಸು! ಹಿಪ್ಪೋಸ್, ಅಶ್ವ, ಈ ಎರಡು ಶಬ್ದಗಳೂ ಒಂದೇ ಬೇರಿನಿಂದ ಕವಲೊಡೆದವೆಂದು ಭಾಷಾಶಾಸ್ತ್ರಜ್ಞರ ಮತ. ಕುದುರೆ ಸಾಕುವುದು ಸಿರಿವಂತರಿಗಷ್ಟೇ ಸಾಧ್ಯವಾಗಿದ್ದ ಅಥೆನ್ಸಿನಲ್ಲಿ, ಹೆಸರಿನೊಳಗೆ ಕುದುರೆಯಿರುವುದು ಕುಲೀನತೆಯ ಲಕ್ಷಣವೆನಿಸಿತ್ತು. ಕ್ರಿ. ಪೂ. 423ರಲ್ಲಿ ರಂಗವನ್ನೇರಿದ ಅರಿಸ್ಟೋಫೇನೀಸನ ‘ಮೋಡಗಳು’ ನಾಟಕದಲ್ಲಿ, ಹಳ್ಳಿಗನಾದ ತಂದೆ ತನ್ನ ಮಗುವಿಗೆ ಮಿತವ್ಯಯವನ್ನು ಸೂಚಿಸುವ ಫೈಡೋನಿಡೀಸ್ ಎಂಬ ಅಜ್ಜನ ಹೆಸರನ್ನೇ ಇಡಬೇಕೆನ್ನುತ್ತಾನೆ. ದೊಡ್ಡ ಮನೆತನದ ತಾಯಿಯಾದರೋ ‘ಹಿಪ್ಪೋಸ್’ ಇಲ್ಲದ ಹೆಸರನ್ನು ಒಲ್ಲಳು. ಕಡೆಗೆ ಎರಡನ್ನೂ ಬೆಸೆದು ಫೈಡಿಪ್ಪಿಡೀಸ್ ಎಂದು ಕರೆಯುತ್ತಾರೆ. ಆ ಮಗ ಬೆಳೆದು, ಕುದುರೆಯ ಹುಚ್ಚಿನಿಂದಲೇ ತಂದೆಯನ್ನು ಸಾಲದಲ್ಲಿ ಮುಳುಗಿಸುತ್ತಾನೆ.