ಸಿಂಕ್ ಬೇರೆ, ಬ್ಯಾಕಪ್ ಬೇರೆ

ಕಾಗದಪತ್ರಗಳ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳುವ ರೂಢಿ ಈಗ ನಮ್ಮೆಲ್ಲರಲ್ಲಿಯೂ ಬಂದಿದೆ. ಇದು ಒಳ್ಳೆಯ ರೂಢಿಯೇ. ಚಾಳಿನ ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುವಲ್ಲಿ ಕಾಗದಗಳಿಗೆ ಜಾಗವೆಲ್ಲಿ? ಮೇಲಾಗಿ ಮಳೆಗಾಲದ ಭಯ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದು ಮನೆಗಳಿಗೆ ನೀರು ನುಗ್ಗಿದಾಗ ಟ್ರಂಕಿನಲ್ಲಿದ್ದ ಕಾಗದಗಳ ಗತಿ ಏನಾಯಿತೆಂಬುದನ್ನು ಮುಂಬಯಿಯವರಿಗೆ ಹೇಳಬೇಕಾಗಿಲ್ಲ.

ಆದರೆ, "ಎಲ್ಲವೂ ಕ್ಲೌಡಿನಲ್ಲಿದೆ, ಇನ್ನು ಚಿಂತೆಯಿಲ್ಲ" ಎಂದು ನಂಬಿದವರು ಕೆಲವರು ನಮ್ಮ ವಾಚನಾಲಯಕ್ಕೆ ಬಂದು, "ಮೊಬೈಲಿನಲ್ಲಿ ಅಳಿಸಿದೆವು, ಕ್ಲೌಡಿನಲ್ಲಿಯೂ ಇಲ್ಲವಾಯಿತು, ಇದು ಹೇಗೆ?" ಎಂದು ಕೇಳುವುದುಂಟು. ಇದಕ್ಕೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಕ್ಲೌಡ್ ಎಂದರೆ ಬೇರೇನೂ ಅಲ್ಲ. ಯಾವುದೋ ಕಂಪೆನಿಯವರು ಬೇರೆ ಊರಿನಲ್ಲಿ ಇಟ್ಟು ನಡೆಸುವ ದೊಡ್ಡ ಕಂಪ್ಯೂಟರುಗಳು. ನಮ್ಮ ಮೊಬೈಲಿನಲ್ಲಿ ಇರುವುದಕ್ಕೂ ಅಲ್ಲಿ ಇರುವುದಕ್ಕೂ ವ್ಯತ್ಯಾಸ ಬಾರದಂತೆ ಸದಾ ಸಮ ಮಾಡುತ್ತಿರುವ ಕೆಲಸಕ್ಕೆ ಸಿಂಕ್ ಎಂದು ಹೆಸರು. ಒಂದು ದಿನ ಇದ್ದುದನ್ನು ಇದ್ದ ಹಾಗೆಯೇ ನಕಲು ಮಾಡಿ, ಮೂಲಕ್ಕೆ ಏನಾದರೂ ನಕಲಿಗೆ ತಾಗದಂತೆ ಬೇರೆ ಕಡೆ ಇಡುವುದು ಬ್ಯಾಕಪ್.

ಆಫೀಸಿನ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುವುದು. ಇಬ್ಬರು ಗುಮಾಸ್ತರ ಬಳಿ ಒಂದೊಂದು ಹಾಜರಿ ಪುಸ್ತಕವಿದೆ ಎನ್ನಿ. ಒಬ್ಬನು ಬರೆದುದನ್ನು ಇನ್ನೊಬ್ಬನು ಅದೇ ಕ್ಷಣದಲ್ಲಿ ಬರೆಯಬೇಕು, ಒಬ್ಬನು ಹೊಡೆದುಹಾಕಿದರೆ ಇನ್ನೊಬ್ಬನೂ ಹೊಡೆದುಹಾಕಬೇಕು ಎಂದು ಹುಕುಂ. ಪುಸ್ತಕಗಳು ಎರಡಾದರೂ ತಪ್ಪು ಎರಡರಲ್ಲಿಯೂ ಒಂದೇ. ಅದರ ಬದಲು, ತಿಂಗಳ ಕೊನೆಗೆ ಕಾರ್ಬನ್ ಪ್ರತಿಯನ್ನು ಹರಿದು ತಿಜೋರಿಯಲ್ಲಿ ಇಟ್ಟು ಬೀಗ ಹಾಕಿದರೆ ಮುಂದಿನ ತಿಂಗಳ ತಪ್ಪು ಅದನ್ನು ಮುಟ್ಟಲಾರದು. ಸಿಂಕಿನಲ್ಲಿ ಕಾಣುವುದು ಕನ್ನಡಿಯೊಳಗಿನ ಗಂಟು: ಎದುರಿನ ಗಂಟು ಹೋದರೆ ಅದೂ ಹೋಯಿತು.

ಹೆಸರುಗಳೂ ಇಲ್ಲಿ ತೊಡಕು ತರುತ್ತವೆ. ಗೂಗಲ್ ಫೋಟೋಸಿನಲ್ಲಿ ಆ ಗುಂಡಿಯ ಹೆಸರೇ ಬ್ಯಾಕಪ್. ಆದರೂ ಅದೇ ಆಪ್‌ನಲ್ಲಿ ಒಂದು ಚಿತ್ರವನ್ನು ಅಳಿಸಿದರೆ ಮೊಬೈಲು, ಕ್ಲೌಡು ಎರಡರಿಂದಲೂ ಹೋಗುವುದು. ಕಸದ ಬುಟ್ಟಿಯಲ್ಲಿ 60 ದಿನ ಉಳಿಯುವುದು; ಆಮೇಲೆ ಸಿಗದು. ಗೂಗಲ್ ಡ್ರೈವಿನಲ್ಲಿ ಈ ಅವಧಿ 30 ದಿನ. ಮೊಬೈಲಿನಲ್ಲಿ ಜಾಗ ಮಾಡಿಕೊಡುವ ಇನ್ನೊಂದು ಗುಂಡಿಯುಂಟು. ಅದನ್ನು ಒತ್ತಿದರೆ ಮೊಬೈಲಿನ ಪ್ರತಿ ಮಾತ್ರ ಹೋಗಿ ಕ್ಲೌಡಿನದು ಉಳಿಯುವುದು. ಹಾಗೆ ಒತ್ತಿದವರ ಬಳಿ ಇರುವುದು ಎರಡು ಪ್ರತಿಯಲ್ಲ, ಒಂದೇ ಪ್ರತಿ ಎಂಬುದನ್ನು ಮರೆಯಬಾರದು. ಎರಡು ವರ್ಷ ಉಪಯೋಗಿಸದೆ ಬಿಟ್ಟ ಖಾತೆಯನ್ನು ತೆಗೆದುಹಾಕಬಹುದೆಂದು ಗೂಗಲಿನವರು 2023ರಲ್ಲಿ ನಿಯಮ ಮಾಡಿದ್ದಾರೆ. ಊರಿಗೂ ಮುಂಬಯಿಗೂ ಓಡಾಡುತ್ತ ನಂಬರು ಬದಲಿಸುವವರು ಇದನ್ನು ಗಮನಿಸಬೇಕು.

ಇಂಥ ಪೆಟ್ಟು ನಮ್ಮಂಥ ಸಾಮಾನ್ಯರಿಗೆ ಮಾತ್ರ ಬೀಳುವುದಲ್ಲ. 2017ರ ಜೂನ್ 27ರಂದು ಉಕ್ರೇನಿನಿಂದ ಹಬ್ಬಿದ ನಾಟ್‌ಪೆಟ್ಯಾ ಎಂಬ ದುಷ್ಟ ಪ್ರೋಗ್ರಾಮು ಡೆನ್ಮಾರ್ಕಿನ ಹಡಗು ಕಂಪೆನಿ ಮೇರ್ಸ್ಕ್‌ನ ಕಂಪ್ಯೂಟರುಗಳನ್ನು ಕೆಡಿಸಿತು. ಅದರ ಬಿಸಿ ನಮ್ಮ ಮಗ್ಗುಲಿನ ನ್ಹಾವಾ ಶೇವಾಕ್ಕೂ ತಾಗಿತು. ಅಲ್ಲಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಅದೇ ಸಮೂಹದವರು ನಡೆಸುತ್ತಿದ್ದ ಕಂಟೇನರ್ ಟರ್ಮಿನಲ್ಲಿನ ಕೆಲಸ ಅಸ್ತವ್ಯಸ್ತವಾಯಿತು.

ಮೇರ್ಸ್ಕ್‌ನಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಯಾವ ಅಧಿಕಾರ ಎಂಬ ಪಟ್ಟಿಯನ್ನು ಇಡುವ ಯಂತ್ರಗಳು ಸುಮಾರು 150 ಇದ್ದವು. ಗಿರಣಿಯ ಗೇಟಿನ ಪುಸ್ತಕವಿದ್ದಂತೆ. ಅದಿಲ್ಲದೆ ಯಾರೂ ಒಳಗೆ ಬರುವಂತಿಲ್ಲ. ಈ ಯಂತ್ರಗಳೆಲ್ಲ ಒಂದಕ್ಕೊಂದು ಸಿಂಕ್ ಆಗುತ್ತಿದ್ದವು. ಒಂದು ಕೆಟ್ಟರೆ ಇನ್ನೊಂದು ಇದೆಯೆಂಬ ಧೈರ್ಯ ಅವರದು. ಎಲ್ಲವೂ ಒಮ್ಮೆಗೇ ಕೆಡಬಹುದೆಂದು ಎಣಿಸಿರಲಿಲ್ಲ. ಬೇರೆ ಕಂಪ್ಯೂಟರುಗಳ ಬ್ಯಾಕಪ್ಪುಗಳು ಸಿಕ್ಕವು, ಈ ಪಟ್ಟಿಯದೇ ಸಿಗಲಿಲ್ಲ. ಕೊನೆಗೆ ಆಫ್ರಿಕಾದ ಘಾನಾ ದೇಶದ ಆಫೀಸಿನಲ್ಲಿ ಒಂದು ಯಂತ್ರ ಮಾತ್ರ ಕೆಡದೆ ಉಳಿದಿತ್ತು. ಕಾರಣ, ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಅದು ಬೇರೆಯವುಗಳ ಸಂಪರ್ಕದಲ್ಲಿರಲಿಲ್ಲ! ಅಲ್ಲಿಯವರಿಗೆ ಇಂಗ್ಲೆಂಡಿನ ವೀಸಾ ಇಲ್ಲದ್ದರಿಂದ ಹಾರ್ಡ್ ಡಿಸ್ಕನ್ನು ನೈಜೀರಿಯಾಕ್ಕೆ ಒಯ್ದು, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗಿತ್ತು ಲಂಡನ್ನಿಗೆ ತಲುಪಿಸಿದರು. ಕಂಪೆನಿಗೆ ಆದ ನಷ್ಟ 25ರಿಂದ 30 ಕೋಟಿ ಡಾಲರುಗಳೆಂದು ಅವರೇ ಲೆಕ್ಕ ಹೇಳಿದರು. ಸಂಪರ್ಕ ತಪ್ಪಿದ ಒಂದೇ ಒಂದು ಪ್ರತಿ ಸಂಪರ್ಕವಿದ್ದ ನೂರೈವತ್ತಕ್ಕಿಂತ ಹೆಚ್ಚಿನದಾಯಿತು.

ನಮ್ಮ ಮಂದಿಗೆ ಇದರಿಂದ ಏನು? ಗಿರಣಿ ಕಾರ್ಮಿಕರ ಮನೆಗಳಿಗೆ ಅರ್ಜಿ ಹಾಕಿದವರ ಅರ್ಹತೆ ನೋಡಲು ಮ್ಹಾಡಾದವರು 2023ರಲ್ಲಿ ದಾಖಲೆ ಕೇಳಿದರು. ಗಿರಣಿಯ ಗುರುತಿನ ಚೀಟಿ, ಪಗಾರ ಪಾವತಿ, ಪ್ರಾವಿಡೆಂಟ್ ಫಂಡಿನ ನಂಬರು, ಇ.ಎಸ್.ಐ. ನಂಬರು, ಇಂಥವು. ತಂದೆ ತೀರಿಕೊಂಡಿದ್ದಾರೆ, ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿದೆ; ಆ ಪಾವತಿಯ ಇನ್ನೊಂದು ಪ್ರತಿಯನ್ನು ಕೊಡುವವರು ಯಾರು? 2015ರಲ್ಲಿ ಸರಕಾರ ತಂದ ಡಿಜಿಲಾಕರಿನಲ್ಲಿ ಆಧಾರ್ ಮುಂತಾದವು ಆಯಾ ಇಲಾಖೆಯಿಂದಲೇ ಬರುವುವು. ಅಪ್ಪನ ಪಗಾರ ಪಾವತಿ ಹಾಗೆ ತಾನಾಗಿ ಬಾರದು. ಮತ್ತೆ ಪಡೆಯಲಾಗದ ಕಾಗದಕ್ಕೇ ಮೊದಲು ಬ್ಯಾಕಪ್ ಬೇಕು.

ಮಾಡುವ ಕ್ರಮ ಕಷ್ಟದ್ದಲ್ಲ. ಮುಖ್ಯ ಕಾಗದಕ್ಕೆ ಮೂರು ಪ್ರತಿ ಇರಲಿ. ಮೂರೂ ಒಂದೇ ಬಗೆಯ ಸಾಧನದಲ್ಲಿ ಬೇಡ. ಒಂದಾದರೂ ಬೇರೆ ಊರಿನಲ್ಲಿರಲಿ. ಒಂದು ಮೊಬೈಲಿನಲ್ಲಿ, ಒಂದು ಕ್ಲೌಡಿನಲ್ಲಿ, ಒಂದು ಪೆನ್ ಡ್ರೈವಿನಲ್ಲಿ. ತಿಂಗಳಿಗೊಮ್ಮೆ ಪಗಾರದ ದಿನ ಪೆನ್ ಡ್ರೈವಿಗೆ ಹೊಸ ಫೋಲ್ಡರು ಮಾಡಿ, ತಾರೀಖು ಬರೆದು ನಕಲು ಮಾಡಿ. ಹಳೆಯ ಫೋಲ್ಡರನ್ನು ಅಳಿಸಬೇಡಿ. ಕೆಲಸ ಮುಗಿದೊಡನೆ ಅದನ್ನು ಕಳಚಿ ಎತ್ತಿಡಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟರೆ ಕೇಡು ಅದಕ್ಕೂ ತಾಗುವುದು. ಹಬ್ಬಕ್ಕೆ ಊರಿಗೆ ಹೋಗುವಾಗ ಇನ್ನೊಂದು ಪೆನ್ ಡ್ರೈವನ್ನೂ ಒಂದು ಜೆರಾಕ್ಸ್ ಕಟ್ಟನ್ನೂ ಒಯ್ದು ಮನೆಯ ಹಿರಿಯರ ಪೆಟ್ಟಿಗೆಯಲ್ಲಿಟ್ಟು ಬನ್ನಿ. ಪೆನ್ ಡ್ರೈವೂ ಚಿರಂಜೀವಿಯಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ಇಳಿಸಬೇಕು. ಮೂಲ ಕಾಗದವನ್ನಂತೂ ಯಾವ ಕಾರಣಕ್ಕೂ ಎಸೆಯತಕ್ಕದ್ದಲ್ಲ.

ಕೊನೆಯದೊಂದು ಮಾತು. ಇಟ್ಟ ಪ್ರತಿಯನ್ನು ಆಗಾಗ ತೆರೆದು ನೋಡಬೇಕು. ಅಕ್ಷರ ಸ್ಪಷ್ಟವಾಗಿ ಓದಬರುವುದೇ, ಹಿಂದಿನ ಪುಟ ಬಿಟ್ಟುಹೋಗಿದೆಯೇ ಎಂಬುದು ತೆರೆದಾಗಲೇ ತಿಳಿಯುವುದು. ತೆರೆದು ನೋಡದ ಬ್ಯಾಕಪ್ಪನ್ನು ನಂಬುವುದು ಎಣಿಸದ ಪಗಾರಕ್ಕೆ ರುಜು ಹಾಕಿದಂತೆ.

ಇದರಲ್ಲಿ ತಿಳಿಯದ ಅಂಶವಿದ್ದರೆ ವಾಚನಾಲಯದ ಮೇಜಿಗೆ ಬಂದು ಕೇಳಬಹುದು; ನಾವು ಕೂತು ತೋರಿಸಿಕೊಡುವೆವು. ಬರುವಾಗ ಪೆನ್ ಡ್ರೈವ್ ತನ್ನಿ. ಪಾಸ್‌ವರ್ಡನ್ನು ಮಾತ್ರ ನಮಗೂ ಹೇಳಬೇಡಿ.